ಗುಟುಕಿಗಾಗಿ ಬಾಯ್ದೆರೆಯುವ ಮರಿಗಳು

ಪ್ರತಿ ವರುಷವೂ ಮಾರ್ಚಿ ತಿಂಗಳು ಕಳೆದು ಬಿಸಿಲು ಬಲಿಯತೊಡಗಿತೆಂದರೆ, ನಮ್ಮ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿಯಾದರೂ ಎರಡು ಕೈಗಳನ್ನೂ ಬೊಗಸೆಮಾಡಿಕೊಂಡು ಬಂದು ನಿಲ್ಲುವಳು. ಬೊಗಸೆಯಲ್ಲಿ ಏನಿದೆಯೆಂದು ನಾವು ಕೇಳಬೇಕಾಗಿಲ್ಲ. ಗೂಡಿನಿಂದ ಬಿದ್ದ ಗುಬ್ಬಿಯ ಮರಿಯೋ ಗೊರವಂಕದ ಮರಿಯೋ ಇರುವುದು. ಮೈಯೆಲ್ಲ ಬರಿಯ ತೊಗಲು, ತಲೆ ದೊಡ್ಡದು, ಕಣ್ಣು ಮುಚ್ಚಿದ್ದು, ಬಾಯಿ ಮಾತ್ರ ಮುಖಕ್ಕಿಂತಲೂ ಅಗಲವೆಂದು ತೋರುವಂಥದು. “ಅಕ್ಕಾವ್ರೇ, ಇದಕ್ಕ ಏನ್ ತಿನ್ನಸ್ಬೇಕ್ರಿ?” ಎಂಬ ಪ್ರಶ್ನೆಯೂ ಪ್ರತಿ ವರುಷ ಅದೇ. ಈ ಪ್ರಶ್ನೆಗೆ ನಾವು ಒಂದು ಸಲ ತಪ್ಪು ಉತ್ತರವನ್ನು ಕೊಟ್ಟದ್ದುಂಟು. ಅದರ ಸಂಗತಿಯನ್ನು ಮುಂದೆ ಹೇಳುವೆವು. ಆ ತಪ್ಪಿನ ತರುವಾಯ, ಹಕ್ಕಿಯ ಮರಿಯು ಬಾಯ್ದೆರೆಯುವುದೆಂದರೇನು, ಯಾವಾಗ ತೆರೆಯುವುದು, ಏಕೆ ತೆರೆಯುವುದು ಎಂಬುದನ್ನು ನಾವೂ ನಮ್ಮ ಪ್ರಕೃತಿಪಾಠದ ಹುಡುಗಿಯರೂ ಕೂಡಿ ನೋಡುತ್ತ ಓದುತ್ತ ಬಂದೆವು. ಹಾಗೆ ಕಲಿತದ್ದನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಮಕ್ಕಳ ತಾಯಿತಂದೆಗಳ ಮುಂದೆಯೂ ಇಡುವುದಕ್ಕೆ ಈ ಸ್ಮರಣ ಸಂಚಿಕೆಯಲ್ಲಿ ಕೆಲವು ಪುಟಗಳು ದೊರೆತದ್ದು ನಮಗೆ ಸಂತೋಷ.

ಮೊದಲು ಒಂದು ಭೇದವನ್ನು ತಿಳಿದಿರಬೇಕು. ಎಲ್ಲ ಹಕ್ಕಿಗಳ ಮರಿಗಳೂ ಗುಟುಕು ಬೇಡುವುದಿಲ್ಲ. ದೇವದುರ್ಗದ ಕಡೆಯ ಹೊಲಗಳಲ್ಲಿ ಇರುಳು ಹೊತ್ತು ಕೂಗಿ ದಾರಿಗರನ್ನು ಬೆಚ್ಚಿಸುವ ಟಿಟ್ಟಿಭವು ಬರಿಯ ನೆಲದ ಮೇಲೆ ಮೊಟ್ಟೆಯಿಡುವುದು. ಅದರ ಮರಿಯು ತುಪ್ಪುಳನ್ನು ಹೊದ್ದು, ಕಣ್ಣು ತೆರೆದುಕೊಂಡೇ ಹೊರಬರುವುದು. ಮೈ ಒಣಗಿದ ಸ್ವಲ್ಪ ಹೊತ್ತಿನಲ್ಲಿಯೇ ಓಡಾಡಿ ತನ್ನ ಆಹಾರವನ್ನು ತಾನೇ ಹೆಕ್ಕಿಕೊಳ್ಳುವುದು. ತಾಯಿತಂದೆಗಳು ಕಾವಲಿರುವವೇ ಹೊರತು ಉಣಿಸುವುದಿಲ್ಲ. ಗೌಜುಗದ ಮರಿಗಳೂ ಮನೆಯ ಕೋಳಿಯ ಮರಿಗಳೂ ಇದೇ ಗುಂಪಿನವು. ಕೋಳಿಯು ಕಾಳನ್ನು ಎತ್ತಿ ಬೀಳಿಸಿ ಕರೆದರೆ ಮರಿಗಳು ಓಡಿಬಂದು ತಾವೇ ತಿನ್ನುವವು. ಗುಬ್ಬಿ, ಕಾಗೆ, ಗೊರವಂಕ, ಪಿಕಳಾರ, ಗಿಳಿ, ಪಾರಿವಾಳ ಇವುಗಳ ಮರಿಗಳ ಪಾಡು ಬೇರೆ. ಅವು ಕುರುಡಾಗಿ ಹುಟ್ಟುವವು. ನಿಲ್ಲಲಾರವು, ನಡೆಯಲಾರವು, ಮೈಯ ಕಾವನ್ನು ಕೂಡ ತಾವಾಗಿ ಕಾಪಾಡಿಕೊಳ್ಳಲಾರವು. ಅವಕ್ಕೆ ಬಂದಿರುವ ವಿದ್ಯೆ ಒಂದೇ, ಅದು ಕೇಳುವುದು.

ಈ ಕೇಳುವಿಕೆಯು ಆರಂಭದಲ್ಲಿ ಕಣ್ಣಿನ ಕೆಲಸವಲ್ಲ. ನಮ್ಮ ಬೋರ್ಡಿಂಗಿನ ವರಾಂಡದ ಜಂತೆಯ ಸಂದಿಯಲ್ಲಿ ಗುಬ್ಬಿಗಳು ಗೂಡು ಮಾಡಿದ ಒಂದು ವರುಷ, ಮಾನ್ವಿಯಿಂದ ಬಂದಿದ್ದ ಒಬ್ಬ ಹುಡುಗಿಯು ಮೇಜಿನ ಮೇಲೆ ನಿಂತು ಗೂಡಿನ ಅಂಚನ್ನು ಒಂದು ಕಡ್ಡಿಯಿಂದ ಮೆಲ್ಲನೆ ಅಲುಗಿಸಿದಳು. ತಟ್ಟನೆ ನಾಲ್ಕು ಕುತ್ತಿಗೆಗಳು ನೀಡಿಕೊಂಡು ನಡುಗುತ್ತ ನಿಂತವು. ನಾಲ್ಕು ಬಾಯಿಗಳು ತೆರೆದವು. ಅವಳು ಕೈಯನ್ನು ಎಡಕ್ಕೆ ಒಯ್ದರೂ ಬಲಕ್ಕೆ ಒಯ್ದರೂ ಬಾಯಿಗಳು ಅತ್ತ ಹೊರಳಲಿಲ್ಲ. ನೆಟ್ಟಗೆ ಆಕಾಶವನ್ನೇ ನೋಡಿದವು. ಹಾಲೆಂಡಿನ ನಿಕೋ ಟಿನ್‌ಬರ್ಗೆನ್ ಎಂಬ ವಿದ್ವಾಂಸರು ಕ್ಯೂನೆನ್ ಎಂಬವರೊಂದಿಗೆ ಥ್ರಶ್ ಜಾತಿಯ ಹಾಡುಹಕ್ಕಿಗಳ ಮರಿಗಳಲ್ಲಿ ಇದನ್ನೇ ಕ್ರಮವಾಗಿ ಪರೀಕ್ಷಿಸಿ 1939ರಲ್ಲಿ ಪ್ರಕಟಿಸಿದರು. ಕಣ್ಣು ತೆರೆಯದ ಮರಿಗೆ ಗೂಡಿನ ಅಲುಗಾಟವೇ ತಾಯಿ ಬಂದ ಸುದ್ದಿ. ಬಾಯಿ ಯಾವ ದಿಕ್ಕಿಗೆ ತೆರೆಯಬೇಕೆಂಬುದನ್ನು ಭೂಮಿಯ ಸೆಳೆತವೇ ತಿಳಿಸುವುದು. ಕಣ್ಣು ತೆರೆದ ಮೇಲೆ ಕಂಡ ವಸ್ತುವಿಗೂ ಬಾಯ್ದೆರೆಯುವುದು, ಆದರೆ ಇನ್ನೂ ಮೇಲಕ್ಕೇ. ಮತ್ತೆ ಕೆಲವು ದಿನಗಳು ಕಳೆದ ಮೇಲೆಯೇ ಬಾಯಿಯು ತಾಯಿಯ ತಲೆಯ ಕಡೆಗೆ ತಿರುಗುವುದು. ಆ ವಿದ್ವಾಂಸರು ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ, ಒಂದು ದೊಡ್ಡ ದುಂಡಿಗೆ ಎರಡು ಸಣ್ಣ ದುಂಡುಗಳನ್ನು ಅಂಟಿಸಿ ಮರಿಗಳಿಗೆ ತೋರಿಸಿದರು. ಒಡಲಿನ ಅಳತೆಗೆ ಯಾವುದು ತಲೆಯಾಗಿ ಒಪ್ಪುವುದೋ ಆ ದುಂಡಿನ ಕಡೆಗೆ ಮರಿಗಳು ಬಾಯ್ದೆರೆದವು. ಕಣ್ಣೂ ಮೂಗೂ ಇಲ್ಲದ ರಟ್ಟಿನ ತುಂಡು ತಾಯಿಯಾದದ್ದನ್ನು ಕೇಳಿ ನಮ್ಮ ಹುಡುಗಿಯರು ನಕ್ಕರು. ಈ ಬಗೆಯ ಶೋಧನೆಗಳಿಗಾಗಿ ಟಿನ್‌ಬರ್ಗೆನ್ನರಿಗೆ 1973ರಲ್ಲಿ ನೊಬೆಲ್ ಬಹುಮಾನದ ಒಂದು ಪಾಲು ದೊರೆಯಿತು.

ನಮ್ಮ ಗುಬ್ಬಿಗಳಲ್ಲಿ ಇನ್ನೊಂದನ್ನೂ ಕಂಡೆವು. ರೆಕ್ಕೆಯ ಗರಿಗಳು ಮೂಡುತ್ತಿದ್ದ ಕಾಲಕ್ಕೆ ಅದೇ ಹುಡುಗಿಯು ಮುಖವನ್ನು ಗೂಡಿನ ಹತ್ತಿರ ಒಯ್ದಾಗ ಒಂದು ಬಾಯಿಯೂ ತೆರೆಯಲಿಲ್ಲ. ನಾಲ್ಕೂ ಮರಿಗಳು ಹುಲ್ಲಿಗೆ ಒತ್ತಿಕೊಂಡು ಅಡಗಿದವು. ವಾರದ ಹಿಂದೆ ಯಾರನ್ನಾದರೂ ನಂಬುತ್ತಿದ್ದ ಮರಿಗಳು ಈಗ ತಾಯಿಯನ್ನೂ ಪರರನ್ನೂ ಬೇರ್ಪಡಿಸಬಲ್ಲವಾಗಿದ್ದವು.

ಬಾಯಿಯ ರೂಪವನ್ನು ನೋಡಿರಿ. ಗುಬ್ಬಿಮರಿಯ ಕಟವಾಯಿಯ ಎರಡು ಬದಿಗಳಲ್ಲಿಯೂ ಹಳದಿಯ ಮೆತ್ತನೆಯ ಅಂಚುಗಳಿರುವುದನ್ನು ಚಿಕ್ಕಂದಿನಲ್ಲಿ ಎಲ್ಲರೂ ಕಂಡಿರುವಿರಿ. ಬೆಳೆದ ಹಕ್ಕಿಯಲ್ಲಿ ಅದು ಇರುವುದಿಲ್ಲ. ಬೇಡುವ ಕಾಲ ಮುಗಿದೊಡನೆ ಕುಗ್ಗಿಹೋಗುವುದು. ಅರೆಗತ್ತಲಲ್ಲಿ ಹೊರಗಿನಿಂದ ಬಂದ ತಾಯಿಯ ಕಣ್ಣಿಗೆ ಈ ಅಂಚು ಗುರಿಯ ಹಾಗೆ ಕಾಣಿಸುವುದು. ಪೊಟರೆಗಳಲ್ಲಿ ಬೆಳೆಯುವ ಅನೇಕ ಜಾತಿಯ ಮರಿಗಳಲ್ಲಿ ಅದು ಇನ್ನೂ ಅಗಲವಾಗಿರುವುದು.

ಎಲ್ಲ ಮರಿಗಳೂ ಒಂದೇ ರೀತಿಯಲ್ಲಿ ಉಣ್ಣುವುದಿಲ್ಲ. 1294ರ ಶಾಸನವನ್ನುಳ್ಳ ನಮ್ಮ ರಾಯಚೂರಿನ ಕೋಟೆಯ ಗೋಡೆಯ ಸಂದುಗಳಲ್ಲಿ ಪಾರಿವಾಳಗಳಿರುವುವಷ್ಟೆ. ಅವುಗಳ ಮರಿಯು ಬಾಯ್ದೆರೆದು ಕಾಯುವುದಿಲ್ಲ. ತನ್ನ ಕೊಕ್ಕನ್ನೇ ತಾಯಿಯ ಬಾಯೊಳಗೆ ತೂರಿಸಿ, ಕೊರಳ ಚೀಲದಲ್ಲಿ ಊರಿದ ಹಾಲಿನಂಥ ಗಟ್ಟಿ ಪದಾರ್ಥವನ್ನು ಹೀರುವುದು. ಈ ಹಾಲನ್ನು ತಂದೆಹಕ್ಕಿಯೂ ಕೊಡುವುದೆಂಬುದು ಅನೇಕರಿಗೆ ಆಶ್ಚರ್ಯವಾಗಬಹುದು. ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಕಡೆಯ ನೆಲ್ಲಿನ ಗದ್ದೆಗಳಲ್ಲಿ ಹಿಂಡುಹಿಂಡಾಗಿ ಇಳಿಯುವ ಬೆಳ್ಳಕ್ಕಿಗಳ ಮರಿಗಳಾದರೋ ಹೆತ್ತವರ ಕೊಕ್ಕನ್ನು ಅಡ್ಡಲಾಗಿ ಕತ್ತರಿಯಂತೆ ಹಿಡಿದು ಎಳೆದು ಕಕ್ಕಿಸಿಕೊಳ್ಳುವವು. ಅಲ್ಲಿ ಬೇಡಿಕೆಗೂ ಬಲಾತ್ಕಾರಕ್ಕೂ ನಡುವಣ ಗೆರೆ ತೀರ ತೆಳುವು. ಬೆಳ್ಳಕ್ಕಿಯು ಮೊದಲ ಮೊಟ್ಟೆಗಳನ್ನಿಟ್ಟೊಡನೆಯೇ ಕಾವು ಕೊಡಲಾರಂಭಿಸುವುದರಿಂದ ಮರಿಗಳು ಒಂದೊಂದಾಗಿ ದಿನಗಳ ಅಂತರದಲ್ಲಿ ಹುಟ್ಟುವವು. ಹಿರಿಯವು ಕಿರಿಯದನ್ನು ಕುಕ್ಕಿ ಹಿಂದಕ್ಕೆ ತಳ್ಳುವವು, ಆಹಾರ ಕಡಮೆಯಾದ ದಿನ ಕಿರಿಯದು ಸಾಯುವುದು. ಹೆತ್ತವರು ಪಕ್ಕದಲ್ಲಿಯೇ ನಿಂತಿದ್ದರೂ ಬಿಡಿಸುವುದಿಲ್ಲ.

ಹಳ್ಳಿಯ ಬಾವಿಗಳ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ತೂಗಾಡುವ ಗೀಜಗನ ಗೂಡಿನಲ್ಲಿ ಮತ್ತೊಂದು ವಿಧ. ನಮ್ಮ ರಾಯಚೂರು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು 1931–32ರಲ್ಲಿ ನಡೆಸಿದ ಸಾಲಿಂ ಅಲಿಯವರು ಅದಕ್ಕೆ ಸ್ವಲ್ಪ ಮೊದಲು ಕೊಂಕಣದ ತೀರದಲ್ಲಿ ಗೀಜಗಗಳನ್ನು ದಿನದಿನವೂ ನೋಡಿ, ಒಂದು ಗಂಡು ಹಲವು ಹೆಣ್ಣುಗಳಿಗೆ ಒಂದಾದ ಮೇಲೊಂದು ಗೂಡು ಕಟ್ಟಿಕೊಡುವುದೆಂದು ತೋರಿಸಿಕೊಟ್ಟರು. ಗೂಡಿನ ಚೆಲುವಿಗೆ ಗಂಡನ್ನು ಹೊಗಳುವವರು ಬಹಳ. ಒಳಗೆ ಕತ್ತಲಲ್ಲಿ ಬಾಯ್ದೆರೆಯುವ ಮರಿಗಳಿಗೆ ಗುಟುಕು ತರುವ ಭಾರವೆಲ್ಲ ಬಹುಮಟ್ಟಿಗೆ ಹೆಣ್ಣಿನ ಪಾಲು.

ಹೇಗೆಂಬುದು ಇಷ್ಟಾಯಿತು. ಏಕೆಂಬುದು ಹೆಚ್ಚು ಕಷ್ಟದ ಪ್ರಶ್ನೆ. ಹಸಿವಾದ್ದರಿಂದ ಕೂಗುವುದೆಂದು ಯಾರೂ ಹೇಳಬಹುದು. ಆದರೆ ಹೆತ್ತವರು ಬೆಳಗಿನಿಂದ ಸಂಜೆಯವರೆಗೂ ಹುಳುವನ್ನು ಹುಡುಕುತ್ತಲೇ ಇರುವಾಗ ಅಷ್ಟೊಂದು ಕೂಗೇಕೆ? ಕೂಗಿದರೆ ಹಾವಿಗೂ ಬೆಕ್ಕಿಗೂ ಗೂಡಿನ ಸುಳಿವು ಸಿಕ್ಕುವುದಲ್ಲವೇ? ಡೇವಿಡ್ ಹ್ಯಾಸ್ಕೆಲ್ ಎಂಬವರು ಮರಿಗಳ ಕೂಗನ್ನು ಧ್ವನಿಯಂತ್ರದಿಂದ ಕೃತಕ ಗೂಡುಗಳಲ್ಲಿ ನುಡಿಸಿ, ನೆಲದ ಮೇಲಿನ ಗೂಡುಗಳಲ್ಲಿ ಕೂಗಿದ್ದವೇ ಹೆಚ್ಚಾಗಿ ಸೂರೆಯಾದುವೆಂದು 1994ರಲ್ಲಿ ತೋರಿಸಿದರು. ಕೂಗುವ ಶ್ರಮವೇನೋ ಅಷ್ಟು ದೊಡ್ಡದಲ್ಲ. ಅಪಾಯ ಮಾತ್ರ ದೊಡ್ಡದು. ಹಾಗಿದ್ದೂ ಮರಿಯು ಕೂಗುವುದಕ್ಕೆ ಕಾರಣವು ಅದರ ಒಡಹುಟ್ಟುಗಳಲ್ಲಿದೆ.

“ಅಳದಿದ್ದರೆ ತಾಯಿಯೂ ಹಾಲು ಕೊಡಳು” ಎಂದು ನಮ್ಮಲ್ಲಿ ಗಾದೆಯುಂಟು. ಈ ಗಾದೆಯೊಳಗಿನ ತಿರುಳನ್ನು ಅಮೆರಿಕದ ರಾಬರ್ಟ್ ಟ್ರಿವರ್ಸ್ ಎಂಬವರು 1974ರಲ್ಲಿ ಶಾಸ್ತ್ರದ ರೂಪದಲ್ಲಿ ಬಿಡಿಸಿ ಹೇಳಿದರು. ನಾಲ್ಕು ಮಕ್ಕಳ ತಾಯಿಯು ಒಂದು ರೊಟ್ಟಿಯನ್ನು ಹಂಚುವಳೆಂದು ಭಾವಿಸಿರಿ. ತಾಯಿಗೆ ನಾಲ್ವರೂ ಸಮಾನರು. ಆದಕಾರಣ ಅವಳು ನಾಲ್ಕು ಸಮಪಾಲು ಮಾಡಲಿಚ್ಛಿಸುವಳು. ಪ್ರತಿಯೊಂದು ಮಗುವಿಗೂ ತಾನು ಪೂರ್ತಿ ತನ್ನದು, ಒಡಹುಟ್ಟಿದವರು ರಕ್ತದ ಲೆಕ್ಕದಲ್ಲಿ ಅರ್ಧ ಮಾತ್ರ ತನ್ನವರು. ಹೀಗಾಗಿ ಪ್ರತಿಯೊಂದೂ ತಾಯಿಯು ಕೊಡಲಿಚ್ಛಿಸುವುದಕ್ಕಿಂತ ತುಸು ಹೆಚ್ಚನ್ನು ಕೇಳುವುದು. ಆದರೆ ಒಡಹುಟ್ಟಿದವರು ಸಾಯುವಷ್ಟು ಹೆಚ್ಚನ್ನು ಸಾಮಾನ್ಯವಾಗಿ ಕೇಳುವುದಿಲ್ಲ, ಏಕೆಂದರೆ ಆ ಅರ್ಧವೂ ತನ್ನದೇ. ಪ್ರೀತಿಯಿಂದ ತುಂಬಿದೆಯೆಂದು ನಾವು ಕಾಣುವ ಗೂಡಿನಲ್ಲಿ ಪ್ರೀತಿಯೂ ಇದೆ, ವ್ಯಾಜ್ಯವೂ ಇದೆ. ಇದನ್ನು ಕೇಳಿದಾಗ ನಮ್ಮ ಕೆಲವು ಉಪಾಧ್ಯಾಯಿನಿಯರಿಗೆ ಅಸಮಾಧಾನವಾಯಿತು. ನಮಗಾಗಲಿಲ್ಲ, ಬೋರ್ಡಿಂಗಿನ ಊಟದ ಮನೆಯಲ್ಲಿ ಇಪ್ಪತ್ತು ವರುಷ ಬಡಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಹಾಗಾದರೆ ಮರಿಗಳ ಕೂಗೆಲ್ಲ ಸುಳ್ಳೇ? ಪ್ರತಿಯೊಂದೂ ಹೆಚ್ಚಾಗಿ ಕೇಳುವುದಾದರೆ ತಾಯಿಯು ಯಾವುದನ್ನು ನಂಬಬೇಕು? ಇಂಗ್ಲೆಂಡಿನ ಗಾಡ್‌ಫ್ರೇ ಎಂಬವರು 1991ರಲ್ಲಿ ಗಣಿತದಿಂದ ತೋರಿಸಿದ್ದೇನೆಂದರೆ, ಕೂಗುವುದಕ್ಕೆ ಏನಾದರೂ ಬೆಲೆಯಿದ್ದರೆ ಕೂಗು ಬಹುಮಟ್ಟಿಗೆ ನಿಜವಾಗಿಯೇ ಉಳಿಯುವುದು. ಹೊಟ್ಟೆ ತುಂಬಿದ ಮರಿಗೆ ಇನ್ನೊಂದು ಗುಟುಕಿನಿಂದ ದೊರೆಯುವ ಲಾಭ ಅಲ್ಪ. ಅದಕ್ಕಾಗಿ ಬೆಕ್ಕನ್ನು ಕರೆಯುವುದು ಲಾಭವಲ್ಲ. ಹಸಿದು ಸಾಯುತ್ತಿರುವ ಮರಿಗೆ ಅದೇ ಗುಟುಕು ಪ್ರಾಣ. ಆದಕಾರಣ ಹೆಚ್ಚು ಹಸಿದದ್ದೇ ಹೆಚ್ಚು ಕೂಗುವುದು. ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯನ್ನು ರೆಬೆಕಾ ಕಿಲ್ನರ್ ಎಂಬ ಇಂಗ್ಲೆಂಡಿನ ವಿದುಷಿಯು ಕನೇರಿ ಹಕ್ಕಿಗಳಲ್ಲಿ ಕಂಡು 1997ರಲ್ಲಿ ಪ್ರಕಟಿಸಿದರು. ಕನೇರಿಯ ಮರಿಯು ಬಾಯ್ದೆರೆದಾಗ ಒಳಗೆ ರಕ್ತವೇರಿ ಕೆಂಪಾಗುವುದು. ಹಸಿವೆ ಹೆಚ್ಚಿದಷ್ಟೂ ಕೆಂಪು ಹೆಚ್ಚು. ಹೆತ್ತವರು ಹೆಚ್ಚು ಕೆಂಪಾದ ಬಾಯಿಗೇ ಮೊದಲು ಕೊಡುವವು. ಅದೇ ಕೆಂಪು ಬಾನಾಡಿ ಹಕ್ಕಿಯ ಮರಿಯಲ್ಲಿ ಬೇರೆ ಅರ್ಥವುಳ್ಳದ್ದೆಂದು ಇಟಲಿಯ ಶೋಧಕರು ಕಂಡರು. ಅಲ್ಲಿ ರೋಗಪೀಡಿತವಾದ ಮರಿಯ ಬಾಯಿ ಬಿಳಿಚುವುದು, ಆರೋಗ್ಯವಂತನದು ಕೆಂಪಾಗಿರುವುದು. ಹೆತ್ತವರು ಅಲ್ಲಿಯೂ ಕೆಂಪು ಬಾಯಿಗೇ ಕೊಡುವವು. ಒಂದು ಗೂಡಿನಲ್ಲಿ ಕೆಂಪೆಂದರೆ ಹಸಿವು, ಇನ್ನೊಂದರಲ್ಲಿ ಕೆಂಪೆಂದರೆ ಬಲ. ಒಂದು ಕಡೆ ಕೊರತೆಯುಳ್ಳದ್ದು ಉಣ್ಣುವುದು. ಇನ್ನೊಂದು ಕಡೆ ಬದುಕುವ ಭರವಸೆಯುಳ್ಳದ್ದು ಉಣ್ಣುವುದು.

ಈ ಎರಡರಲ್ಲಿ ಯಾವುದು ನಡೆಯುವುದೆಂಬುದು ಕಾಲವನ್ನು ಅವಲಂಬಿಸಿದೆಯೆಂದು 2016ರಲ್ಲಿ ಶಾನಾ ಕಾರೋ ಮತ್ತು ಅವರ ಸಂಗಡಿಗರು ನೂರಕ್ಕೂ ಮೇಲ್ಪಟ್ಟ ಜಾತಿಯ ಹಕ್ಕಿಗಳ ವೃತ್ತಾಂತಗಳನ್ನು ಹೋಲಿಸಿ ಹೇಳಿದರು. ಆಹಾರವು ನೆಚ್ಚಿಕೆಯಿಂದ ಒದಗುವ ಕಡೆಗಳಲ್ಲಿ ಹೆತ್ತವರು ಹೆಚ್ಚು ಬೇಡುವ ಮರಿಗೆ ಕೊಡುವವು. ಆಹಾರವು ಒಂದು ವರುಷ ಇದ್ದು ಒಂದು ವರುಷ ಇಲ್ಲದಂಥ ಕಡೆಗಳಲ್ಲಿ ಬೇಡಿಕೆಯನ್ನು ಕಿವಿಗೆ ಹಾಕಿಕೊಳ್ಳದೆ, ದೊಡ್ಡ ಮರಿಗೇ ಕೊಡುವವು; ಸಣ್ಣದು ಎಷ್ಟು ಕೂಗಿದರೂ ಕೂಗಿದ್ದಷ್ಟೇ. ಕೃಷ್ಣೆ ತುಂಗಭದ್ರೆಗಳ ನಡುವೆ ಇದ್ದುಕೊಂಡೂ ಮಳೆಯನ್ನು ನೆಚ್ಚಲಾರದ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲುವೆ ತಲುಪದ ಊರುಗಳಿಂದ ಬರುವ ಹುಡುಗಿಯರಲ್ಲಿ, ಬರದ ವರುಷ ಯಾವ ಮನೆಯಿಂದ ಯಾವ ಮಗಳು ಶಾಲೆಯನ್ನು ಬಿಟ್ಟಳೆಂಬುದು ನಮ್ಮ ಹಾಜರಿ ಪುಸ್ತಕಗಳಲ್ಲಿದೆ. ಅವರು ಕೂಗಿದವರಲ್ಲ. ಮನುಷ್ಯರು ಹಕ್ಕಿಗಳಲ್ಲವೆಂಬುದು ನಿಜ. ಆದರೂ ಈ ಪಾಠವನ್ನು ಮಾಡಿದ ದಿನ ನಾವು ತರಗತಿಯಲ್ಲಿ ಕೈಯೆತ್ತಿದವಳನ್ನು ಬಿಟ್ಟು ಎತ್ತದವಳನ್ನು ಪ್ರಶ್ನೆ ಕೇಳಿದೆವೆಂದು ಒಪ್ಪಿಕೊಳ್ಳುವೆವು.

ಬೇಡಿಕೆಗೆ ಕರಗುವ ಹೃದಯವಿದ್ದಲ್ಲಿ ಅದನ್ನು ದೋಚುವವರೂ ಹುಟ್ಟುವರು. ಕಾಗೆಯ ಮರಿ ಕಾಗೆಗೆ ಮುದ್ದೆಂದು ನಮ್ಮ ನೆರೆಯ ತೆಲುಗರ ಗಾದೆ. ಕೋಗಿಲೆಯ ಮರಿಯೂ ಕಾಗೆಗೆ ಮುದ್ದೇ. ಶಾಲೆಯ ಬೇವಿನ ಮರದಲ್ಲಿ ಕಾಗೆಯು ಗೂಡಿಟ್ಟಾಗ, ಗಂಡು ಕೋಗಿಲೆಯು ಎದುರಿನ ಮರದಲ್ಲಿ ಕೂಗಿ ಕಾಗೆಗಳನ್ನು ಕೆಣಕುವುದನ್ನೂ ಅವು ಅಟ್ಟಿಕೊಂಡು ಹೋಗುವುದನ್ನೂ ಹುಡುಗಿಯರು ಕಂಡಿದ್ದಾರೆ. ಹೆಣ್ಣು ಕೋಗಿಲೆಯು ಗೂಡಿನಲ್ಲಿ ಇಟ್ಟ ಮೊಟ್ಟೆಯು ಕಾಗೆಯ ಮೊಟ್ಟೆಗಳಿಗಿಂತ ಕೆಲವು ದಿನ ಮುಂಚಿತವಾಗಿ ಒಡೆಯುವುದು. ಮರಿಯು ಕಾಗೆಮರಿಗಳನ್ನು ಯಾವಾಗಲೂ ಹೊರಗೆ ತಳ್ಳುವುದಿಲ್ಲ. ಅನೇಕವೇಳೆ ಅವುಗಳೊಡನೆಯೇ ಬೆಳೆಯುವುದು. ಮುಂಚೆ ಹುಟ್ಟಿದ್ದೇ ಅದರ ಲಾಭ. ಸಂಸ್ಕೃತದವರು ಕೋಗಿಲೆಯನ್ನು ಪರಭೃತವೆಂದು, ಅಂದರೆ ಪರರು ಸಾಕಿದ್ದೆಂದು, ಎಂದೋ ಕರೆದಿದ್ದಾರೆ. ಅವರ ಕಣ್ಣು ಚುರುಕಾಗಿತ್ತು.

ಮುಂಗಾರಿನೊಡನೆ ನಮ್ಮ ಸೀಮೆಗೆ ಬರುವ ಚಾತಕವೂ ಇದೇ ಕಸುಬಿನದು. ಕವಿಗಳು ಅದನ್ನು ಮಳೆಯ ಹನಿಗಾಗಿ ಬಾಯ್ದೆರೆಯುವ ಹಕ್ಕಿಯೆಂದು ಹಾಡಿದರು. ಅದು ನಿಜವಾಗಿ ಬಾಯ್ದೆರೆಯುವುದು ಹರಟೆಮಲ್ಲಗಳ ಮುಂದೆ, ಮರಿಯಾಗಿದ್ದಾಗ. ಹರಟೆಮಲ್ಲಗಳು ಗುಂಪಾಗಿ ಬಾಳುವ ಹಕ್ಕಿಗಳಾದ್ದರಿಂದ ಹೆತ್ತವರಲ್ಲದೆ ಗುಂಪಿನ ಇತರ ಹಕ್ಕಿಗಳೂ ಗುಟುಕು ತಂದುಕೊಡುವವು. ಚಾತಕದ ಮರಿಗೆ ಒಬ್ಬ ತಾಯಿಯ ಬದಲು ಒಂದು ಓಣಿಯೇ ತಾಯಾಗುವುದು. ಯೂರೋಪಿನ ಕೋಗಿಲೆಯಾದರೋ ಗೂಡಿನ ಉಳಿದ ಮರಿಗಳನ್ನೆಲ್ಲ ಹೊರಗೆ ದೂಡಿ ಒಂಟಿಯಾಗಿ ಉಳಿಯುವುದು. ಒಂದೇ ಬಾಯಿಗೆ ಸಾಕುವ ಹಕ್ಕಿಗಳು ಹೆಚ್ಚು ತರುವುದಿಲ್ಲ. ಅದಕ್ಕೆ ಆ ಮರಿಯು ಮಾಡುವ ಉಪಾಯವೆಂದರೆ, ನಾಲ್ಕಾರು ಮರಿಗಳು ಒಟ್ಟಿಗೆ ಕೂಗಿದ ಹಾಗೆ ಬಿಡುವಿಲ್ಲದೆ ತ್ವರಿತವಾಗಿ ಕೂಗುವುದು. ಡೇವಿಸ್, ಕಿಲ್ನರ್, ನೋಬಲ್ ಇವರು 1998ರಲ್ಲಿ ಇದನ್ನು ಸಿದ್ಧಪಡಿಸಿದರು. ಜಪಾನಿನ ಒಂದು ಬಗೆಯ ಕೋಗಿಲೆಯ ಮರಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ರೆಕ್ಕೆಯ ಅಡಿಯಲ್ಲಿ ಗರಿಯಿಲ್ಲದ ಹಳದಿಯ ಚರ್ಮವುಂಟು. ಕೂಗುವ ಬದಲು ರೆಕ್ಕೆಯನ್ನೆತ್ತಿ ಅದನ್ನು ಇನ್ನೊಂದು ಬಾಯಿಯೆಂಬಂತೆ ಅಲುಗಿಸುವುದು. ಪಾಪ, ಸಾಕುವ ಹಕ್ಕಿಯು ಕೆಲವೊಮ್ಮೆ ಹುಳುವನ್ನು ಆ ರೆಕ್ಕೆಗೇ ಉಣಿಸಲು ನೋಡುವುದೆಂದು ತನಕಾ ಮತ್ತು ಉಯೆದಾ ಎಂಬ ಶೋಧಕರು 2005ರಲ್ಲಿ ಬರೆದಿದ್ದಾರೆ.

ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿಯೂ 147ನೆಯ ಕೀರ್ತನೆಯಲ್ಲಿಯೂ ಕಾಗೆಮರಿಗಳ ಕೂಗನ್ನು ದೇವರು ಕೇಳುವನೆಂಬ ಮಾತುಂಟೆಂದು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆ ಕಾಗೆಮರಿಗಳ ನಡುವೆ ಕೋಗಿಲೆಯ ಮರಿಯೂ ಇದ್ದರೆ ಅದರ ಕೂಗನ್ನು ಕೇಳುವನೋ ಇಲ್ಲವೋ ಎಂದು ಒಂಬತ್ತನೆಯ ತರಗತಿಯ ಒಬ್ಬಳು ಕೇಳಿದಳು. ಕೇಳುವನೆಂದೇ ನಮ್ಮ ಉತ್ತರ. ಅದು ತಾನಾಗಿ ಆ ಗೂಡನ್ನು ಆರಿಸಿಕೊಂಡದ್ದಲ್ಲ.

ಇನ್ನು ನಮ್ಮ ತಪ್ಪಿನ ಸಂಗತಿ. ಹಲವು ವರುಷಗಳ ಹಿಂದೆ, ಏಪ್ರಿಲ್ ತಿಂಗಳ ಮೊದಲ ವಾರ, ಪರೀಕ್ಷೆಗಳು ಮುಗಿಯುತ್ತಿದ್ದ ಹೊತ್ತು. ಅದೇ ವರಾಂಡದ ಗುಬ್ಬಿಯ ಗೂಡಿನಲ್ಲಿ ಮೂರು ಮರಿಗಳಿದ್ದವು. ಮಧ್ಯಾಹ್ನ ಎರಡು ಗಂಟೆಗೆ ಮರಿಗಳು ಬಾಯ್ದೆರೆದುಕೊಂಡು ಕುಳಿತಿರುವುವೆಂದೂ, ತಾಯಿ ಬಂದಿಲ್ಲವೆಂದೂ, ಅವು ಕೂಗುವ ಶಕ್ತಿಯನ್ನೂ ಕಳೆದುಕೊಂಡಿರುವುವೆಂದೂ ಹುಡುಗಿಯರು ಓಡಿಬಂದು ಹೇಳಿದರು. ನಾವು ನೋಡಿದೆವು. ಬಾಯಿಗಳು ತೆರೆದಿದ್ದವು, ಕೊರಳುಗಳು ಬೇಗಬೇಗನೆ ಅದುರುತ್ತಿದ್ದವು, ಧ್ವನಿಯಿಲ್ಲ. ಹಸಿವೆಂದೇ ನಾವು ನಿಶ್ಚಯಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರನ್ನೂ ಹತ್ತಿಯಿಂದ ಹಿಂಡಿದ ನೀರನ್ನೂ ಕೊಡಲು ಅಪ್ಪಣೆ ಕೊಟ್ಟೆವು. ಸಂಜೆಯೊಳಗೆ ಎರಡು ಮರಿಗಳು ಸತ್ತವು.

ಅವು ಬೇಡುತ್ತಿರಲಿಲ್ಲ. ಸೆಕೆಯನ್ನು ತಾಳಲಾರದೆ ತೇಕುತ್ತಿದ್ದವು. ಹಕ್ಕಿಗಳಿಗೆ ಬೆವರಿಲ್ಲ, ಬಾಯ್ದೆರೆದು ಕೊರಳನ್ನು ಅದುರಿಸಿ ತೇವವನ್ನು ಆವಿಯಾಗಿಸಿಯೇ ಅವು ಮೈಯನ್ನು ತಂಪು ಮಾಡಿಕೊಳ್ಳಬೇಕು. ಉಷ್ಣಮಾನವು 40 ಡಿಗ್ರಿಯನ್ನು ದಾಟುವ ನಮ್ಮ ರಾಯಚೂರಿನಲ್ಲಿ ಕಾದ ಹಂಚಿನ ಕೆಳಗಿನ ಗೂಡು ಒಲೆಯೇ ಸರಿ. ಬೇಡುವ ಮರಿಯು ಗೂಡು ಅಲುಗಿದಾಗ ಕುತ್ತಿಗೆಯನ್ನು ನೀಡಿ, ಕೂಗಿ, ಬಾಯ್ದೆರೆಯುವುದು. ಗುಟುಕು ಸಿಕ್ಕಿದ ಮೇಲೆ ಮುಚ್ಚುವುದು. ತೇಕುವ ಮರಿಯ ಕುತ್ತಿಗೆ ನೀಡಿರುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಕೂಗೂ ಇಲ್ಲ. ಅದಕ್ಕೆ ಬೇಕಾದದ್ದು ನೆರಳು. ಹಂಚಿನ ಮೇಲೆ ಒಂದು ಒದ್ದೆ ಗೋಣಿಯನ್ನು ಹಾಸಿದ್ದರೆ ಸಾಕಾಗಿತ್ತು. ನಾವು ಹಿಂಡಿದ ನೀರಿನ ವಿಷಯದಲ್ಲಿಯೂ ತಿಳಿದಿರತಕ್ಕದ್ದುಂಟು. ಹಕ್ಕಿಯ ಶ್ವಾಸನಾಳದ ಬಾಯಿಯು ನಾಲಿಗೆಯ ಬುಡದಲ್ಲಿಯೇ ತೆರೆದಿರುವುದು. ಬಾಯಿಗೆ ಸುರಿದ ನೀರು ಅದರೊಳಗೆ ಇಳಿದರೆ ಮರಿಯು ಉಸಿರುಗಟ್ಟಿ ಸಾಯುವುದು. ಗೂಡಿನಲ್ಲಿರುವ ಇಂಥ ಮರಿಗಳಿಗೆ ಬೇಕಾದ ನೀರು ಅವು ತಿನ್ನುವ ಹುಳುಗಳಲ್ಲಿಯೇ ಇರುವುದು. ಹಾಲು ಹಕ್ಕಿಗಳಿಗೆ ಅರಗುವ ಆಹಾರವಲ್ಲ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಮೊದಲ ದಿನಗಳಲ್ಲಿ ಕಂಬಳಿಹುಳು, ಮಿಡತೆ ಮೊದಲಾದವುಗಳನ್ನೇ ತಂದು ಕೊಡುವುದು.

ತಾಯಿತಂದೆಗಳು ಮನೆಯಲ್ಲಿ ಮಕ್ಕಳಿಗೆ ಹೇಳಬೇಕೆಂದು ಕೋರುವ ಸಂಗತಿಗಳು ಎರಡು ಮೂರು ಮಾತ್ರ. ಗರಿ ಮೂಡಿ ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿಯು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಹೆತ್ತವರು ಹತ್ತಿರದಲ್ಲಿಯೇ ಇದ್ದು ಉಣಿಸುವವು. ಬೆಕ್ಕು ನಾಯಿಗಳನ್ನು ದೂರವಿಟ್ಟು ಅದನ್ನು ಅಲ್ಲಿಯೇ ಬಿಡತಕ್ಕದ್ದು. ಗರಿಯಿಲ್ಲದ ಮರಿಯು ಬಿದ್ದಿದ್ದರೆ ಅದನ್ನು ಮರಳಿ ಗೂಡಿನಲ್ಲಿಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಹಕ್ಕಿಯು ಬಿಟ್ಟುಬಿಡುವುದೆಂಬ ಮಾತು ಬಹಳ ಕಡೆ ಕೇಳಿಬರುವುದು; ಅದು ಸುಳ್ಳು. ಗೂಡು ಹರಿದುಹೋಗಿದ್ದರೆ ಒಂದು ಚಿಕ್ಕ ಬುಟ್ಟಿಯಲ್ಲಿ ಒಣ ಹುಲ್ಲನ್ನಿಟ್ಟು ಹತ್ತಿರದ ಕೊಂಬೆಗೆ ಕಟ್ಟಬಹುದು. ತಣ್ಣಗಾಗಿರುವ ಮರಿಗೆ ಮಾತ್ರ ಮೊದಲು ಕಾವು, ಆಮೇಲೆ ಆಹಾರ. ಈ ಕೊನೆಯದನ್ನು ನಮಗೆ ಕಲಿಸಿದವಳು ದೇವದುರ್ಗದ ಒಬ್ಬ ಹುಡುಗಿ.

ಮತ್ತೊಂದು ವರುಷದ ಜೂನ್ ತಿಂಗಳು ಶಾಲೆ ತೆರೆದ ವಾರದಲ್ಲಿ ಮೊದಲ ಮಳೆಯು ಗಾಳಿಯೊಡನೆ ಬಂದು ಗೋರಂಟಿಯ ಬೇಲಿಯಲ್ಲಿದ್ದ ಪಿಕಳಾರದ ಗೂಡನ್ನು ವಾಲಿಸಿತು. ಮೂರು ಮರಿಗಳಲ್ಲಿ ಒಂದು ಕೆಳಗಿನ ನೀರಿನಲ್ಲಿ ಬಿದ್ದಿತ್ತು. ಗೂಡಿನಲ್ಲಿದ್ದ ಎರಡು ಕೂಗುತ್ತಿದ್ದವು. ಬಿದ್ದದ್ದು ಸುಮ್ಮನಿತ್ತು; ಕಡ್ಡಿಯಿಂದ ಕೊಕ್ಕನ್ನು ಮುಟ್ಟಿದರೂ ಬಾಯ್ದೆರೆಯಲಿಲ್ಲ. ಹೊಟ್ಟೆ ತುಂಬಿರಬೇಕೆಂದು ಒಬ್ಬಳೂ, ಸತ್ತಿದೆಯೆಂದು ಇನ್ನೊಬ್ಬಳೂ ಹೇಳಿದರು. “ಇಲ್ರಿ ಅಕ್ಕಾವ್ರೇ, ಅದಕ್ಕ ಥಂಡಿ ಹತ್ತ್ಯದ, ಕೇಳಾಕ ಶಕ್ತಿ ಇಲ್ಲ,” ಎಂದು ದೇವದುರ್ಗದವಳು ಮರಿಯನ್ನು ಒರಸಿ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕುಳಿತಳು. ಅವಳ ಮನೆಯಲ್ಲಿ ಕೋಳಿಮರಿಗಳನ್ನು ಹೀಗೆಯೇ ಉಳಿಸುವರಂತೆ. ಹಸಿವು ಎಷ್ಟೇ ಇದ್ದರೂ ಮೈಯ ಕಾವು ಇಳಿದ ಮರಿಯು ಬೇಡಲಾರದೆಂಬುದನ್ನೂ, ಬೇಡದ್ದಕ್ಕೆ ಹೆತ್ತವರು ಕೊಡದೆ ಹೋಗುವರೆಂಬುದನ್ನೂ, ಹೀಗೆ ಅದು ಇನ್ನಷ್ಟು ತಣ್ಣಗಾಗುವುದೆಂಬುದನ್ನೂ ನಾವು ತರುವಾಯ ಪುಸ್ತಕಗಳಲ್ಲಿ ಓದಿಕೊಂಡೆವು.

ಪ್ರಾರ್ಥನೆಯ ಗಂಟೆ ಹೊಡೆಯಿತು. ಅವಳನ್ನು ಅಲ್ಲಿಯೇ ಇರಗೊಟ್ಟೆವು. ಬಹಳ ಹೊತ್ತಾದ ಮೇಲೆ ಅವಳ ಅಂಗೈ ಅಲುಗಿದಾಗ ಮರಿಯ ಕುತ್ತಿಗೆಯು ಮೇಲಕ್ಕೆ ಬಂದು ಬಾಯಿ ಅರೆಯಾಗಿ ತೆರೆಯಿತು. ಗೂಡನ್ನು ನೆಟ್ಟಗೆ ಮಾಡಿ ದಾರದಿಂದ ಕಟ್ಟಿ, ಮರಿಯನ್ನು ಉಳಿದ ಎರಡರ ನಡುವೆ ಇಟ್ಟು, ನಾವೆಲ್ಲರೂ ವರಾಂಡಕ್ಕೆ ಬಂದು ನಿಂತೆವು. ಪಿಕಳಾರವು ಕೊಕ್ಕಿನಲ್ಲಿ ಮಿಡತೆಯನ್ನು ಹಿಡಿದು ಬೇಲಿಯ ತುದಿಯಲ್ಲಿ ಕುಳಿತು, ಅತ್ತಿತ್ತ ನೋಡಿ, ಒಳಕ್ಕೆ ಇಳಿಯಿತು. ಗುಟುಕು ಯಾವ ಬಾಯಿಗೆ ಬಿದ್ದಿತೆಂಬುದು ಅಲ್ಲಿಂದ ಕಾಣಲಿಲ್ಲ. ಎದ್ದು ನಿಂತ ಬಾಯಿಗಳನ್ನು ಮಾತ್ರ ಹುಡುಗಿಯರು ಎಣಿಸಿದರು, ಮೂರಿದ್ದವು.